‘2025 ಮಾಡೆಲ್’ ಅಂದರೆ ಯಾವ 2025? ಸಣ್ಣ ಕಾರು ತೆಗೆದುಕೊಳ್ಳುವ ಮೊದಲು ‘ಹೊಸತು’ ಎಂಬ ಮಾತನ್ನು ಬಿಡಿಸಿ ನೋಡಿ

ಬಂಟ್ವಾಳ / ಬೆಳ್ತಂಗಡಿ / ಮೂಡುಬಿದಿರೆ: ಆಟಿ ತಿಂಗಳಲ್ಲಿ ಹೊಸ ಗಾಡಿ ಮನೆಗೆ ತರುವವರು ತುಳುನಾಡಿನಲ್ಲಿ ಕಡಿಮೆ. ಸೋಣ ಬಂದು, ಚೌತಿ ಕಳೆದು, ಆಯುಧಪೂಜೆ ಹತ್ತಿರವಾದಂತೆ ಬಿ.ಸಿ.ರೋಡ್, ಗುರುವಾಯನಕೆರೆ, ಮೂಡುಬಿದಿರೆಯ ಪೇಟೆಗಳಲ್ಲಿ ಕಾರಿನ ಮಾತು ಜೋರಾಗುತ್ತದೆ. ಹೊಟೇಲಿನ ಟೇಬಲ್ಲಿರಲಿ, ಅಂಗಡಿ ಜಗಲಿಯಿರಲಿ, ಚರ್ಚೆ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಯಾವುದು ‘ಪೊಸ ಗಾಡಿ’, ಯಾವುದು ಅಲ್ಲ?

ಒಬ್ಬರು ‘ಇದು 2020 ಮಾಡೆಲ್’ ಅಂತಾರೆ. ಇನ್ನೊಬ್ಬರು ಆರ್‌ಸಿ ತಿರುಗಿಸಿ ನೋಡಿ, ‘ಎಂಥ 2020 ಮಾರಾಯ್ರೆ, ತಯಾರಾದದ್ದು 2019ರ ನವೆಂಬರ್ ಅಲ್ವಾ’ ಅಂತಾರೆ. ಇಬ್ಬರು ಹೇಳುವುದೂ ಸುಳ್ಳಲ್ಲ. ಫ್ಯಾಕ್ಟರಿಯಿಂದ ನವೆಂಬರಿನಲ್ಲಿ ಹೊರಬಿದ್ದ ಗಾಡಿ ಜನವರಿಯಲ್ಲಿ ನೋಂದಣಿಯಾಗಿರುತ್ತದೆ. ಮಾತು ಇಲ್ಲಿಗೇ ಮುಗಿದರೆ ತೊಂದರೆ ಇಲ್ಲ. ಆದರೆ ಈ ಎರಡು ತಿಂಗಳ ವ್ಯತ್ಯಾಸದ ಮೇಲೆ ಸಾವಿರಾರು ರೂಪಾಯಿ ಅತ್ತಿತ್ತ ಆಗುತ್ತದೆ. ಕೆಲವೊಮ್ಮೆ ಎದುರಿನ ಸೀಟಿನಲ್ಲಿ ಏರ್‌ಬ್ಯಾಗ್ ಇದೆಯೋ ಇಲ್ಲವೋ ಎಂಬುದೂ ಅದರ ಮೇಲೆಯೇ ತೀರ್ಮಾನವಾಗುತ್ತದೆ.

ನಮ್ಮ ಕಡೆ ‘ಮಾಡೆಲ್’ ಎಂದರೆ ವರ್ಷ. ಷೋರೂಂನಲ್ಲಿ ‘ಮಾಡೆಲ್’ ಎಂದರೆ ಹೆಸರು. ಕಂಪೆನಿಯ ಜಾಹೀರಾತಿನಲ್ಲಿ ‘ಹೊಸ ಮಾಡೆಲ್’ ಎಂದರೆ ಕೆಲವೊಮ್ಮೆ ಪೂರ್ತಿ ಬೇರೆ ಕಾರು, ಕೆಲವೊಮ್ಮೆ ಬರೀ ಬಂಪರ್ ಮತ್ತು ಲೈಟ್. ಹಾಗಾಗಿ ಎರಡು ಸಣ್ಣ ಕಾರುಗಳನ್ನು ಹೋಲಿಸುವ ಮೊದಲು ‘ಹೊಸತು’ ಎಂಬ ಮಾತನ್ನು ನಾಲ್ಕಾಗಿ ಬಿಡಿಸಿಕೊಳ್ಳುವುದು ಒಳ್ಳೆಯದು: ಗಾಡಿ ಹುಟ್ಟಿದ ತಿಂಗಳು, ನೋಂದಣಿಯಾದ ತಾರೀಕು, ಆ ಹೆಸರಿನ ಎಷ್ಟನೇ ತಲೆಮಾರು, ಮತ್ತು ಯಾವ ಕಾನೂನು ಜಾರಿಯಾದ ಮೇಲೆ ತಯಾರಾದದ್ದು.

ಹುಟ್ಟಿದ ತಿಂಗಳು ಬೇರೆ, ಹೆಸರಿಟ್ಟ ದಿನ ಬೇರೆ

ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು-ವರ್ಷ ಒಂದು ಕಡೆ, ನೋಂದಣಿ ತಾರೀಕು ಇನ್ನೊಂದು ಕಡೆ ಇರುತ್ತದೆ. ಎರಡಕ್ಕೂ ಅದರದ್ದೇ ಆದ ಕೆಲಸ ಉಂಟು.

ನೋಂದಣಿಯ ತಾರೀಕು ಸರಕಾರಿ ಲೆಕ್ಕಕ್ಕೆ. ಖಾಸಗಿ ಕಾರಿನ ಆರ್‌ಸಿ 15 ವರ್ಷ ನಡೆಯುವುದು ಈ ತಾರೀಕಿನಿಂದ. ಕಂಪೆನಿಯ ವಾರಂಟಿಯೂ ಗಾಡಿ ನಿಮ್ಮ ಕೈಗೆ ಮಾರಾಟವಾದ ದಿನದಿಂದ ಶುರುವಾಗುತ್ತದೆ, ಫ್ಯಾಕ್ಟರಿ ಬಿಟ್ಟ ದಿನದಿಂದ ಅಲ್ಲ. ಈ ಎರಡು ವಿಷಯದಲ್ಲಿ ಯಾರ್ಡ್‌ನಲ್ಲಿ ನಾಲ್ಕು ತಿಂಗಳು ನಿಂತ ಗಾಡಿ ತೆಗೆದುಕೊಂಡವರಿಗೆ ನಷ್ಟ ಇಲ್ಲ.

ನಷ್ಟ ಕಾಣುವುದು ಮಾರುವಾಗ. ಸೆಕೆಂಡ್ ಹ್ಯಾಂಡ್ ವ್ಯವಹಾರದಲ್ಲಿ ಬ್ರೋಕರ್ ಮೊದಲು ಕೇಳುವುದು ತಯಾರಿಕೆಯ ವರ್ಷವನ್ನೇ. ಡಿಸೆಂಬರಿನಲ್ಲಿ ತಯಾರಾಗಿ ಜನವರಿಯಲ್ಲಿ ನೋಂದಣಿಯಾದ ಗಾಡಿಯನ್ನು ತೆಗೆದುಕೊಳ್ಳುವಾಗ ಅವರು ಹಳೆ ವರ್ಷದ್ದೆಂದು ಎಣಿಸುತ್ತಾರೆ. ಅದೇ ಗಾಡಿಯನ್ನು ಮುಂದಿನವರಿಗೆ ತೋರಿಸುವಾಗ ಕೆಲವರು ನೋಂದಣಿ ವರ್ಷವನ್ನು ಮುಂದೆ ಮಾಡುತ್ತಾರೆ. ಒಂದೇ ಗಾಡಿಗೆ ಕೊಳ್ಳುವಾಗ ಒಂದು ವಯಸ್ಸು, ಮಾರುವಾಗ ಇನ್ನೊಂದು.

ವರ್ಷದ ಕೊನೆಗೆ ರಿಯಾಯಿತಿ ಯಾಕೆ ಹೆಚ್ಚು ಸಿಗುತ್ತದೆ ಎಂಬುದಕ್ಕೆ ಉತ್ತರವೂ ಇಲ್ಲೇ ಉಂಟು. ಡಿಸೆಂಬರ್ 31 ದಾಟಿದರೆ ಯಾರ್ಡ್‌ನಲ್ಲಿರುವ ಗಾಡಿ ‘ಕಳೆದ ವರ್ಷದ್ದು’ ಆಗುತ್ತದೆ. ಡೀಲರ್ ಅದನ್ನು ಅದಕ್ಕೂ ಮೊದಲು ದಾಟಿಸಲು ನೋಡುತ್ತಾರೆ. ಇದರಲ್ಲಿ ಮೋಸ ಏನೂ ಇಲ್ಲ. ಲೆಕ್ಕ ಹಾಕಬೇಕಾದವರು ಕೊಳ್ಳುವವರು. ಎಂಟು ಹತ್ತು ವರ್ಷ ಅದೇ ಗಾಡಿ ಓಡಿಸುವ ಯೋಚನೆ ಇದ್ದರೆ ಡಿಸೆಂಬರಿನ ರಿಯಾಯಿತಿ ಲಾಭವೇ, ಯಾಕೆಂದರೆ ಹತ್ತನೇ ವರ್ಷದಲ್ಲಿ ಒಂದು ವರ್ಷ ಹೆಚ್ಚು ಕಡಿಮೆ ಎಂಬುದಕ್ಕೆ ಬೆಲೆ ಸಣ್ಣದು. ಮೂರು ನಾಲ್ಕು ವರ್ಷದಲ್ಲಿ ಮಾರುವವರಿಗೆ ಆ ಒಂದು ವರ್ಷ ದೊಡ್ಡದು. ರಿಯಾಯಿತಿ ಅದನ್ನು ತುಂಬುವಷ್ಟು ಇರಬೇಕು.

ತಯಾರಿಕೆಯ ತಿಂಗಳು ತಿಳಿಯಲು ಷೋರೂಂನವರ ಬಾಯಿಮಾತು ಸಾಕಾಗುವುದಿಲ್ಲ. ಮಾರಾಟ ಪ್ರಮಾಣಪತ್ರವಾದ ನಮೂನೆ 21ರಲ್ಲಿ ಅದು ನಮೂದಾಗಿರುತ್ತದೆ. ಚಾಸಿಸ್ ನಂಬರಿನ 17 ಅಕ್ಷರ-ಅಂಕಿಗಳಲ್ಲಿಯೂ ವರ್ಷ, ತಿಂಗಳ ಸಂಕೇತ ಇರುತ್ತದೆ. ಆದರೆ ಯಾವ ಜಾಗದಲ್ಲಿ ಎಂಬುದು ಕಂಪೆನಿಯಿಂದ ಕಂಪೆನಿಗೆ ಬೇರೆ. ಆದ್ದರಿಂದ ಪೂರ್ತಿ ಹಣ ಕಟ್ಟುವ ಮೊದಲೇ ಚಾಸಿಸ್ ನಂಬರ್ ಕೇಳಿ ಬರೆದುಕೊಂಡು, ಅದರ ತಿಂಗಳು ಯಾವುದೆಂದು ಕಾಗದದಲ್ಲಿ ಕೇಳುವುದು ಸುಲಭದ ದಾರಿ. ನೋಂದಣಿಯಾದ ಮೇಲೆ ಕೇಳಿ ಪ್ರಯೋಜನ ಇಲ್ಲ.

ಟಯರ್ ಕೂಡ ಸುಳಿವು ಕೊಡುತ್ತದೆ. ಅದರ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 3524 ಎಂದಿದ್ದರೆ 2024ರ 35ನೇ ವಾರದಲ್ಲಿ ಆದ ಟಯರ್. ‘ಈ ತಿಂಗಳು ಬಂದ ಗಾಡಿ’ ಎಂದು ಹೇಳಿದರೂ ನಾಲ್ಕು ಟಯರೂ ಒಂದು ವರ್ಷ ಹಿಂದಿನದಾಗಿದ್ದರೆ ಇನ್ನೊಮ್ಮೆ ಕೇಳಬೇಕು. ನಮ್ಮ ಮಳೆಗಾಲದಲ್ಲಿ ಬಯಲಿನಲ್ಲಿ ನಿಂತ ಗಾಡಿಯ ಬ್ಯಾಟರಿ, ಬ್ರೇಕ್ ಡಿಸ್ಕ್, ಬಾನೆಟ್ ಒಳಗಿನ ವಯರುಗಳನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಡಿಸ್ಕಿನ ಮೇಲಿನ ತುಕ್ಕು ಓಡಿಸಿದರೆ ಹೋಗುತ್ತದೆ. ಇಲಿ ಕಚ್ಚಿದ ವಯರ್ ಹಾಗಲ್ಲ.

ಇನ್ನೊಂದು ಬಗೆ ಡೆಮೊ ಗಾಡಿ. ಷೋರೂಂ ಹೆಸರಿನಲ್ಲಿ ನೋಂದಣಿಯಾಗಿ, ಟೆಸ್ಟ್ ಡ್ರೈವಿಗೆ ಓಡಿದ್ದು. ಮೈ ಮಿರಮಿರ ಮಿಂಚಿದರೂ, ಕಿಲೋಮೀಟರ್ ಕಡಿಮೆ ಇದ್ದರೂ, ಅದನ್ನು ಕೊಳ್ಳುವವರು ಆರ್‌ಸಿ ಪ್ರಕಾರ ಎರಡನೇ ಮಾಲೀಕರು. ಬೆಲೆ ಮಾತಾಡುವುದೂ ಸೆಕೆಂಡ್ ಹ್ಯಾಂಡ್ ಲೆಕ್ಕದಲ್ಲೇ ಆಗಬೇಕು.

ಹೆಸರು ಹಳತು, ಗಾಡಿ ಹೊಸತು. ಗಾಡಿ ಹೊಸತು, ಇಂಜಿನ್ ಹಳತು

ಎರಡನೇ ಗೊಂದಲ ತಲೆಮಾರಿನದ್ದು. ಇದು ಇವತ್ತಿನದ್ದಲ್ಲ. ಮಾರುತಿ 800 ಮೊದಲು ಜನರ ಕೈಗೆ ಬಂದದ್ದು 1983ರ ಡಿಸೆಂಬರಿನಲ್ಲಿ. 1986ರಲ್ಲಿ ಅದೇ ಹೆಸರಿನಲ್ಲಿ ಬೇರೆ ಮೈಕಟ್ಟಿನ ಕಾರು ಬಂತು. ನಮ್ಮ ಊರಿನ ಹೆಚ್ಚಿನವರ ನೆನಪಿನಲ್ಲಿರುವ ‘800’ ಈ ಎರಡನೆಯದು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು.

2012ರ ಅಕ್ಟೋಬರಿನಲ್ಲಿ ‘ಆಲ್ಟೊ 800’ ಬಂದಾಗ ಮೈ ಹೊಸತು, ಒಳಾಂಗಣ ಹೊಸತು. ಇಂಜಿನ್ ಮಾತ್ರ ಹಳೆಯ 796 ಸಿಸಿ ಮನೆತನದ್ದೇ, ಸುಧಾರಿಸಿದ್ದು. 2018ರಲ್ಲಿ ಹ್ಯುಂಡೈ ‘ಸ್ಯಾಂಟ್ರೊ’ ಹೆಸರನ್ನು ಮತ್ತೆ ತಂದಾಗ ಆದದ್ದು ತಿರುಗಾ ಮುರುಗಾ: 1998ರ ಹೆಸರು, ಕಾರು ಪೂರ್ತಿ ಬೇರೆ. 2022ರ ಆಗಸ್ಟಿನಲ್ಲಿ ಬಂದ ಆಲ್ಟೊ ಕೆ10 ಕೂಡ ಹೆಸರಿನಲ್ಲಿ ಹಳತು, ತಳಪಾಯದಲ್ಲಿ ಹೊಸತು.

ಸ್ವಿಫ್ಟ್‌ನ ಕತೆ ಇನ್ನೂ ಕುತೂಹಲದ್ದು. 2005, 2011, 2018, 2024 ಹೀಗೆ ನಾಲ್ಕು ತಲೆಮಾರು ನಮ್ಮ ರಸ್ತೆಗೆ ಬಂದಿವೆ. 2024ರ ಮೇ ತಿಂಗಳಲ್ಲಿ ಬಂದ ನಾಲ್ಕನೆಯದರಲ್ಲಿ ಇಂಜಿನ್ ಹೊಸತು. ಮೊದಲು ನಾಲ್ಕು ಸಿಲಿಂಡರ್ ಇದ್ದದ್ದು ಈಗ ಮೂರು. ಶಕ್ತಿ 90 ಪಿಎಸ್‌ನಿಂದ ಸುಮಾರು 82 ಪಿಎಸ್‌ಗೆ ಇಳಿಯಿತು, ಮೈಲೇಜ್ ಏರಿತು. ಚಕ್ರಗಳ ನಡುವಿನ ದೂರ 2,450 ಮಿ.ಮೀ. ಮೊದಲಿನಷ್ಟೇ. ಆರು ಏರ್‌ಬ್ಯಾಗ್ ಎಲ್ಲಾ ದರ್ಜೆಗೂ ಬಂತು. ಹಳೆ ಸ್ವಿಫ್ಟ್ ಇದ್ದವರು ‘ಹೊಸತರಲ್ಲಿ ಆ ದಮ್ಮು ಇಲ್ಲ’ ಎಂದರೆ ಅದು ಬರೀ ಹೊಟ್ಟೆಕಿಚ್ಚಿನ ಮಾತಲ್ಲ. ಹೊಸತು ತೆಗೆದುಕೊಂಡವರು ‘ಇದು ಹೆಚ್ಚು ಸೇಫ್, ಹೆಚ್ಚು ಓಡುತ್ತದೆ’ ಎಂದರೂ ಅದು ಸತ್ಯವೇ. ಹೊಸತು ಎಂದರೆ ಎಲ್ಲದರಲ್ಲೂ ಹೆಚ್ಚು ಎಂದು ಅರ್ಥ ಅಲ್ಲ, ಅಷ್ಟೇ.

ಟಾಟಾ ಟಿಯಾಗೊ 2016ರಲ್ಲಿ ಬಂತು. 2020ರ ಜನವರಿಯಲ್ಲಿ ಎದುರಿನ ಮುಖ ಬದಲಾಯಿತು, ಇಂಜಿನ್ ಬಿಎಸ್-6ಕ್ಕೆ ಏರಿತು, ಡೀಸೆಲ್ ಹೋಯಿತು. ಕಂಪೆನಿಗಳ ಭಾಷೆಯಲ್ಲಿ ಇದಕ್ಕೆ ಫೇಸ್‌ಲಿಫ್ಟ್ ಎನ್ನುತ್ತಾರೆ, ತಲೆಮಾರು ಬದಲಾವಣೆ ಎನ್ನುವುದಿಲ್ಲ. ಬಾಗಿಲು, ಮಾಡು, ತಳಪಾಯ ಅವೇ. ಗ್ಯಾರೇಜಿನವರಿಗೆ ಇದು ಅನುಕೂಲ. ಅದೇ ಬಿಡಿಭಾಗ, ಅದೇ ಕೆಲಸ, ಕೈ ಪಳಗಿರುತ್ತದೆ. ಪೂರ್ತಿ ಹೊಸ ತಲೆಮಾರಿನ ಗಾಡಿಗೆ ಮೊದಲ ವರ್ಷ ಸಣ್ಣ ಪೇಟೆಯಲ್ಲಿ ಗಾಜು, ಬಂಪರ್, ಲೈಟ್ ಸಿಗುವುದು ತಡವಾಗಬಹುದು. ನಾರಾವಿಯಿಂದಲೋ ಪುಂಜಾಲಕಟ್ಟೆಯಿಂದಲೋ ದಿನಾ ಪೇಟೆಗೆ ಓಡಾಡುವ ವ್ಯಾಪಾರಿಗೆ ಗಾಡಿ ಹತ್ತು ದಿನ ವರ್ಕ್‌ಶಾಪಿನಲ್ಲಿ ನಿಂತರೆ ಅದೂ ಒಂದು ಖರ್ಚೇ.

ಕಾನೂನು ಎಳೆದ ಗೆರೆಗಳು

ಮೂರನೇ ಬಗೆಯ ಹೊಸತು ಕಣ್ಣಿಗೆ ಕಾಣುವುದಿಲ್ಲ. ಆದರೆ ಮುಖ್ಯವಾದದ್ದು ಅದೇ. ಸರಕಾರದ ನಿಯಮಗಳು ಒಂದೊಂದು ತಾರೀಕಿನಿಂದ ಜಾರಿಯಾಗಿವೆ. ಆ ತಾರೀಕಿನ ಆಚೆ ಈಚೆ ತಯಾರಾದ ಗಾಡಿಗಳು ಹೆಸರಿನಲ್ಲಿ, ಬಣ್ಣದಲ್ಲಿ ಒಂದೇ ಆಗಿದ್ದರೂ ಒಳಗೆ ಬೇರೆ.

- 2019ರ ಏಪ್ರಿಲ್: ಎಲ್ಲಾ ಕಾರುಗಳಿಗೂ ಎಬಿಎಸ್ ಬ್ರೇಕ್ ಕಡ್ಡಾಯ.
- 2019ರ ಜುಲೈ: ಚಾಲಕನ ಏರ್‌ಬ್ಯಾಗ್, ಹಿಂದಿನ ಪಾರ್ಕಿಂಗ್ ಸೆನ್ಸರ್, ವೇಗ ಮಿತಿಯ ಎಚ್ಚರಿಕೆ ಸದ್ದು, ಎದುರಿನ ಎರಡೂ ಸೀಟಿಗೆ ಬೆಲ್ಟ್ ಎಚ್ಚರಿಕೆ ಕಡ್ಡಾಯ.
- 2020ರ ಏಪ್ರಿಲ್: ದೇಶದಾದ್ಯಂತ ಬಿಎಸ್-6. ಮಾರುತಿ ಈ ಹೊತ್ತಿಗೆ ಡೀಸೆಲ್ ಕಾರುಗಳನ್ನು ನಿಲ್ಲಿಸಿತು.
- 2021ರ ಕೊನೆ: ಹಳೆ ಮಾಡೆಲ್‌ಗಳಿಗೂ ಎದುರಿನ ಪಕ್ಕದ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯ.
- 2023ರ ಏಪ್ರಿಲ್: ಬಿಎಸ್-6ರ ಎರಡನೇ ಹಂತ. ಶೇ 20 ಎಥೆನಾಲ್ ಬೆರೆತ ಪೆಟ್ರೋಲನ್ನು ತಾಳುವ ಭಾಗಗಳೂ ಇಲ್ಲಿಂದ.

ಈಗ ಆ ‘2020 ಮಾಡೆಲ್’ ಮಾತಿಗೆ ಮರಳಿ. 2020ರ ಫೆಬ್ರವರಿಯಲ್ಲಿ ನೋಂದಣಿಯಾದ ಕಾರು ಬಿಎಸ್-4 ಆಗಿರಬಹುದು, ಬಿಎಸ್-6 ಕೂಡ ಆಗಿರಬಹುದು. ಯಾಕೆಂದರೆ ಮಾರುತಿ ಆಲ್ಟೊ 2019ರ ಏಪ್ರಿಲಿನಲ್ಲೇ, ಸ್ವಿಫ್ಟ್ ಪೆಟ್ರೋಲ್ ಜೂನಿನಲ್ಲೇ ಬಿಎಸ್-6 ಆಗಿದ್ದವು. ಬೇರೆ ಕೆಲವು ಗಾಡಿಗಳು ಕೊನೆಯವರೆಗೆ ಬಿಎಸ್-4ರಲ್ಲೇ ಇದ್ದವು. ವರ್ಷ ಕೇಳಿದರೆ ಇದು ಗೊತ್ತಾಗುವುದಿಲ್ಲ. ಆರ್‌ಸಿಯಲ್ಲಿ ಬರೆದಿರುತ್ತದೆ.

ಇನ್ನೂ ಹತ್ತಿರದ ಉದಾಹರಣೆ 2025ರದ್ದು. ಆ ವರ್ಷ ಮಾರುತಿ ತನ್ನ ಸಣ್ಣ ಕಾರುಗಳಾದ ಆಲ್ಟೊ ಕೆ10, ಸೆಲೆರಿಯೊ, ವ್ಯಾಗನ್‌ಆರ್‌ಗಳ ಎಲ್ಲಾ ದರ್ಜೆಗೂ ಆರು ಏರ್‌ಬ್ಯಾಗ್ ಕೊಡಲು ಶುರು ಮಾಡಿತು. ಮೈ ಅದೇ, ಇಂಜಿನ್ ಅದೇ, ಹೆಸರು ಅದೇ. 2025ರ ಜನವರಿಯಲ್ಲಿ ತಯಾರಾದ ವ್ಯಾಗನ್‌ಆರ್‌ನಲ್ಲಿ ಎರಡು ಏರ್‌ಬ್ಯಾಗ್, ಅದೇ ವರ್ಷದ ದಸರಾ ಹೊತ್ತಿಗೆ ತಯಾರಾದದ್ದರಲ್ಲಿ ಆರು. ನಾಲ್ಕು ವರ್ಷ ಕಳೆದು ಎರಡೂ ಬಿ.ಸಿ.ರೋಡಿನಲ್ಲಿ ಮಾರಾಟಕ್ಕೆ ನಿಂತಾಗ ಎರಡಕ್ಕೂ ‘2025 ಮಾಡೆಲ್’ ಎಂದೇ ಹೆಸರು. ತಿಂಗಳು ಕೇಳಿದವರಿಗೆ ಮಾತ್ರ ವ್ಯತ್ಯಾಸ ಸಿಗುತ್ತದೆ. ಹ್ಯುಂಡೈ ಗ್ರ್ಯಾಂಡ್ ಐ10 ನಿಯೋಸ್‌ನಲ್ಲಿ ಇದೇ ಗೆರೆ 2023ರ ಅಕ್ಟೋಬರ್.

ಏರ್‌ಬ್ಯಾಗ್ ಹೆಚ್ಚಿದ ಮಾತ್ರಕ್ಕೆ ಗಾಡಿಯ ಕಬ್ಬಿಣ ಗಟ್ಟಿಯಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ ಟಿಯಾಗೊ 2020ರಲ್ಲಿ 4 ನಕ್ಷತ್ರ ಪಡೆದಿತ್ತು. 2023ರಲ್ಲಿ ಆಲ್ಟೊ ಕೆ10ಗೆ 2, ವ್ಯಾಗನ್‌ಆರ್‌ಗೆ 1 ಬಂದಿತ್ತು. ಮಾರುತಿಯ ಆ ಎರಡನ್ನೂ ಪರೀಕ್ಷಿಸಿದ್ದು ಎರಡು ಏರ್‌ಬ್ಯಾಗಿನ ಗಾಡಿಯಾಗಿ. ನಕ್ಷತ್ರ ಸಿಗುವುದು ಪರೀಕ್ಷೆಗೆ ಹೋದ ಆ ಗಾಡಿಗೆ. ಅದಕ್ಕಿಂತ ಮೊದಲಿನದ್ದಕ್ಕೂ ನಂತರದ್ದಕ್ಕೂ ಅದೇ ಅಂಕ ಅಂಟಿಸಿ ಮಾತಾಡುವುದು ಸರಿಯಲ್ಲ. ‘ಎಷ್ಟು ಸ್ಟಾರ್’ ಎಂದು ಕೇಳುವಾಗ ‘ಯಾವ ವರ್ಷ, ಎಷ್ಟು ಏರ್‌ಬ್ಯಾಗಿಗೆ’ ಎಂಬುದನ್ನೂ ಸೇರಿಸಬೇಕು.

ನಮ್ಮ ರಸ್ತೆಗೆ ಅಕ್ಕಪಕ್ಕ ಇಟ್ಟು ನೋಡಿದರೆ

ಇಷ್ಟೆಲ್ಲ ಆದ ಮೇಲೆಯೇ ಗಾಡಿಗಳ ಹೋಲಿಕೆ. ಮೊದಲು ಒಂದು ವಿಷಯ: ಈ ಎಲ್ಲಾ ಗಾಡಿಗಳೂ ನಾಲ್ಕು ಮೀಟರಿನ ಒಳಗೆ, 1,200 ಸಿಸಿ ಒಳಗೆ ಇರುವುದು ಆಕಸ್ಮಿಕ ಅಲ್ಲ. 2006ರ ಕೇಂದ್ರ ಬಜೆಟಿನಲ್ಲಿ ಈ ಅಳತೆಯ ಪೆಟ್ರೋಲ್ ಕಾರಿಗೆ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಅಲ್ಲಿಂದ ಕಂಪೆನಿಗಳು ಅದೇ ಗೆರೆಯೊಳಗೆ ಗಾಡಿ ಮಾಡಲು ಕಲಿತವು. ಸ್ವಿಫ್ಟ್, ನಿಯೋಸ್ 1,197 ಸಿಸಿ, ಟಿಯಾಗೊ 1,199 ಸಿಸಿ ಆದದ್ದು ಹಾಗೆ.

ಸಾಮಾನು ತರುವವರಿಗೆ ಡಿಕ್ಕಿಯ ಅಳತೆ ಮುಖ್ಯ. ವ್ಯಾಗನ್‌ಆರ್ 341 ಲೀಟರ್, ಸೆಲೆರಿಯೊ 313, ಕ್ವಿಡ್ 279, ಸ್ವಿಫ್ಟ್ 265, ನಿಯೋಸ್ 260, ಟಿಯಾಗೊ 242, ಆಲ್ಟೊ ಕೆ10 214. ಮಂಗಳೂರಿನಿಂದ ಬಟ್ಟೆ, ಫ್ಯಾನ್ಸಿ, ಮೊಬೈಲ್ ಬಿಡಿಭಾಗ ತರುವ ಅಂಗಡಿಯವರಿಗೆ ವ್ಯಾಗನ್‌ಆರ್ ಹಿಡಿಸುವುದು ಇದಕ್ಕೇ. ಎತ್ತರದ ಮಾಡು, ನೇರ ಹಿಂಬಾಗಿಲು. ಆದರೆ ಸಿಎನ್‌ಜಿ ತೆಗೆದುಕೊಂಡರೆ ಅದರ ಸಿಲಿಂಡರ್ ಡಿಕ್ಕಿಯಲ್ಲೇ ಕೂರುತ್ತದೆ, ಸಾಮಾನಿನ ಜಾಗ ಹೋಗುತ್ತದೆ. ಟಾಟಾ 2023ರಲ್ಲಿ ಟಿಯಾಗೊಗೆ ಎರಡು ಸಣ್ಣ ಸಿಲಿಂಡರ್ ಇಟ್ಟು ಡಿಕ್ಕಿಯನ್ನು ಸ್ವಲ್ಪ ಉಳಿಸಿತು, ಹ್ಯುಂಡೈ ಕೂಡ 2024ರಲ್ಲಿ ನಿಯೋಸ್‌ಗೆ ಹಾಗೇ ಮಾಡಿತು. ಸಿಎನ್‌ಜಿ ನೋಡುವವರು ‘2022ರ ಟಿಯಾಗೊ ಸಿಎನ್‌ಜಿ’ ಮತ್ತು ‘2024ರದ್ದು’ ಒಂದೇ ಅಲ್ಲ ಎಂದು ನೆನಪಿಟ್ಟುಕೊಳ್ಳಬೇಕು. ಗ್ಯಾಸ್ ತುಂಬಿಸುವ ಬಂಕ್ ದಿನದ ದಾರಿಯಲ್ಲೇ ಸಿಗುತ್ತದೋ ಎಂದು ಮೊದಲು ನೋಡುವುದು ಬುದ್ಧಿವಂತಿಕೆ.

ಬಂಟ್ವಾಳ ಪೇಟೆಯ ಹಳೆ ರಸ್ತೆಯಲ್ಲಿ ಎದುರಿನಿಂದ ಬಸ್ಸು ಬಂದಾಗ ಗಾಡಿಯ ಅಗಲ ಗೊತ್ತಾಗುತ್ತದೆ. ಆಲ್ಟೊ ಕೆ10 ಅಗಲ 1,490 ಮಿ.ಮೀ., ಸ್ವಿಫ್ಟ್ 1,735. ನಡುವೆ 245 ಮಿ.ಮೀ., ಅಂದರೆ ಒಂದು ಗೇಣಿಗಿಂತ ಹೆಚ್ಚು. ದಿನವಿಡೀ ಪೇಟೆಯಲ್ಲೇ ಸುತ್ತುವವರಿಗೆ ಸಪೂರದ ಗಾಡಿ ಆರಾಮ. ಅದೇ ಹಿಂದಿನ ಸೀಟಿನಲ್ಲಿ ಮೂವರು ಕೂರುವ ಮನೆಯವರಿಗೆ ಆ ಗೇಣು ಬೇಕು.

ತೋಟದ ಮನೆಗೆ ಮಣ್ಣಿನ ರಸ್ತೆಯಲ್ಲಿ ಇಳಿಯುವವರು ಗ್ರೌಂಡ್ ಕ್ಲಿಯರೆನ್ಸ್ ನೋಡುತ್ತಾರೆ. ಕ್ವಿಡ್ 184 ಮಿ.ಮೀ., ಸ್ವಿಫ್ಟ್ 163. ಮಳೆಗಾಲದಲ್ಲಿ ನೀರು ಕೊರೆದ ದಾರಿಯಲ್ಲಿ ಎರಡು ಸೆಂಟಿಮೀಟರ್ ದೊಡ್ಡದೇ. ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ ಕಡೆಗೆ ಆಗಾಗ ಹೋಗುವವರ ಲೆಕ್ಕ ಬೇರೆ. ಐದು ಜನ, ಎಸಿ, ತಿರುವು ಏರು ಇದ್ದಾಗ 67 ಪಿಎಸ್‌ನ ಒಂದು ಲೀಟರ್ ಇಂಜಿನಿಗೆ ಕಷ್ಟ ಆಗುತ್ತದೆ. 80 ಪಿಎಸ್ ದಾಟಿದ ಸ್ವಿಫ್ಟ್, ನಿಯೋಸ್, ಟಿಯಾಗೊ ಅಲ್ಲಿ ಹಗುರ. ಮನೆ, ಅಂಗಡಿ, ಮೂಡುಬಿದಿರೆ, ಮಂಗಳೂರು ಇಷ್ಟರಲ್ಲೇ ಓಡುವವರಿಗೆ ಒಂದು ಲೀಟರ್ ಇಂಜಿನ್ ಸಾಕಷ್ಟಾಯಿತು.

ಇಂಜಿನ್ ಗಾತ್ರಕ್ಕೆ ಇನ್ಶೂರೆನ್ಸ್‌ನಲ್ಲೂ ಗೆರೆ ಉಂಟು. 2022ರ ಜೂನಿನಲ್ಲಿ ಜಾರಿಯಾದ ದರಪಟ್ಟಿಯಲ್ಲಿ 1,000 ಸಿಸಿ ಒಳಗಿನ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಕಂತು ವರ್ಷಕ್ಕೆ 2,094 ರೂ., 1,000ರಿಂದ 1,500 ಸಿಸಿಗೆ 3,416 ರೂ. ಹೊಸ ಕಾರಿಗೆ ಮೂರು ವರ್ಷದ್ದು ಒಟ್ಟಿಗೆ ಕಟ್ಟಬೇಕು: 6,521 ಮತ್ತು 10,640, ಮೇಲೆ ತೆರಿಗೆ. 998 ಸಿಸಿ ವ್ಯಾಗನ್‌ಆರ್ ಮತ್ತು 1,197 ಸಿಸಿ ವ್ಯಾಗನ್‌ಆರ್ ಒಂದೇ ಮೈಯ ಗಾಡಿ. ಈ ಒಂದು ಸಾಲಿನಲ್ಲೇ ಮೊದಲ ದಿನ 4,119 ರೂ. ವ್ಯತ್ಯಾಸ.

ಹೊಸ ಆಲ್ಟೊವೋ, ಹಳೆ ಸ್ವಿಫ್ಟೋ?

ಒಂದೇ ಬಜೆಟಿನಲ್ಲಿ ಹೊಸ ಸಣ್ಣ ಕಾರು ಅಥವಾ ಮೂರು ನಾಲ್ಕು ವರ್ಷ ಹಳೆಯ ಒಂದು ಮೆಟ್ಟಿಲು ದೊಡ್ಡ ಕಾರು. ನಮ್ಮ ಪೇಟೆಗಳಲ್ಲಿ ಹೆಚ್ಚು ನಡೆಯುವ ಜಗಳ ಇದೇ. ಇದಕ್ಕೆ ಬೆಲೆಯ ಕಡೆಯಿಂದ ಎರಡು ವಿಷಯ ಸೇರಿಸಬೇಕು.

ಒಂದು, ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ತೆರಿಗೆ, ಸೆಸ್ ಸೇರಿ ಶೇ 29 ಇದ್ದದ್ದು ಶೇ 18ಕ್ಕೆ ಇಳಿಯಿತು. ತೆರಿಗೆಗೆ ಮೊದಲು 5 ಲಕ್ಷ ಇದ್ದ ಗಾಡಿ 6.45 ಲಕ್ಷ ಆಗುತ್ತಿದ್ದದ್ದು 5.90 ಲಕ್ಷಕ್ಕೆ ಬಂತು. 55 ಸಾವಿರದ ವ್ಯತ್ಯಾಸ. ಅದಕ್ಕಿಂತ ಮೊದಲು ಕೊಂಡವರು ‘ನಾನು ಕೊಟ್ಟದ್ದು ಇಷ್ಟು’ ಎಂದು ಹಳೆ ಬಿಲ್ಲು ತೋರಿಸಿ ಬೆಲೆ ಹೇಳಿದರೆ ಒಪ್ಪಬೇಕಾಗಿಲ್ಲ. ಹಳೆ ಗಾಡಿಯ ಬೆಲೆ ನಿಲ್ಲುವುದು ಇವತ್ತಿನ ಹೊಸ ಗಾಡಿಯ ಬೆಲೆಯ ಕೆಳಗೆ.

ಎರಡು, ಆಜೀವ ತೆರಿಗೆ. ಕರ್ನಾಟಕದಲ್ಲಿ 5 ಲಕ್ಷದವರೆಗಿನ ಕಾರಿಗೆ ಶೇ 13, 5ರಿಂದ 10 ಲಕ್ಷದ್ದಕ್ಕೆ ಶೇ 14 ಎಂಬ ಲೆಕ್ಕ, ಅದರ ಮೇಲೆ ಸೆಸ್. ಎಕ್ಸ್-ಷೋರೂಂ ಬೆಲೆಗೂ ಆನ್‌ರೋಡ್ ಬೆಲೆಗೂ ಅಷ್ಟು ಅಂತರ ಬರುವುದು ಇದರಿಂದ. ಕೆಎ-19, ಕೆಎ-21, ಕೆಎ-70 ಫಲಕದ ಹಳೆ ಗಾಡಿಯಲ್ಲಿ ಇದನ್ನು ಮೊದಲಿನವರು ಕಟ್ಟಿ ಆಗಿರುತ್ತದೆ. ಕಾಸರಗೋಡಿನ ಕೆಎಲ್-14 ಗಾಡಿ ಅಗ್ಗಕ್ಕೆ ಸಿಕ್ಕಿದರೆ ಖುಷಿಪಡುವ ಮೊದಲು ಅಲ್ಲಿನ ಆರ್‌ಟಿಒ ಎನ್‌ಒಸಿ, ಇಲ್ಲಿನ ಮರುನೋಂದಣಿ, ಇಲ್ಲಿನ ತೆರಿಗೆ ಮೂರನ್ನೂ ಕೂಡಿಸಿ ನೋಡಬೇಕು.

ಹಳೆ ಗಾಡಿ ನೋಡುವಾಗ ಮೇಲಿನ ಕಾನೂನಿನ ಗೆರೆಗಳೇ ಒಳ್ಳೆಯ ಅಳತೆಗೋಲು. 2019ರ ಮಾರ್ಚಿನ ಗಾಡಿಗೂ ಆಗಸ್ಟಿನ ಗಾಡಿಗೂ ಐದು ತಿಂಗಳ ಅಂತರ. ಎರಡರ ಬೆಲೆಯಲ್ಲಿ ಹತ್ತು ಹದಿನೈದು ಸಾವಿರ ಹೆಚ್ಚು ಕಡಿಮೆ ಇದ್ದರೆ, ಎಬಿಎಸ್ ಮತ್ತು ಏರ್‌ಬ್ಯಾಗ್ ಖಚಿತವಾಗಿ ಇರುವ ಎರಡನೆಯದಕ್ಕೆ ಕೊಡುವುದು ದಂಡವಲ್ಲ. ಅದೇ ಬರೀ ಬಂಪರ್ ಬದಲಾದ ಫೇಸ್‌ಲಿಫ್ಟ್‌ಗೆ ಅಷ್ಟು ಹೆಚ್ಚು ಕೊಡುವುದಾದರೆ ಎರಡು ಸಲ ಯೋಚಿಸಬಹುದು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಪರೀಕ್ಷೆ ಬಿಡಬಾರದು. ನೇತ್ರಾವತಿ ಉಕ್ಕಿದಾಗ ಪಾಣೆಮಂಗಳೂರು, ಬಂಟ್ವಾಳದ ತಗ್ಗಿನ ಜಾಗಗಳಿಗೆ ನೀರು ನುಗ್ಗುವುದು ಎಲ್ಲರಿಗೂ ಗೊತ್ತು. ನೀರಿನಲ್ಲಿ ನಿಂತ ಗಾಡಿ ತೊಳೆದು ಪಾಲಿಶ್ ಹೊಡೆದರೆ ಫೋಟೋದಲ್ಲಿ ಹೊಸತರಂತೆ ಕಾಣುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಉಂಟೋ ನೋಡಿ. ಸೀಟಿನ ಕೆಳಗಿನ ಬೋಲ್ಟ್‌ಗಳಲ್ಲಿ ತುಕ್ಕು, ಕಾರ್ಪೆಟಿನ ಅಡಿಯಲ್ಲಿ ಪಸೆ, ಕುಮುಸು ವಾಸನೆ ಇದ್ದರೆ ವರ್ಷ ಯಾವುದಾದರೂ ಸರಿ, ಆ ಗಾಡಿ ಬಿಟ್ಟುಬಿಡುವುದೇ ಲೇಸು.

ಕಾಗದದ ಕೆಲಸವೂ ಅಷ್ಟೇ ಮುಖ್ಯ. ನಮೂನೆ 29, 30ಕ್ಕೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಟ್ಟರೆ ಮಾರಿದವರ ಕೆಲಸ ಮುಗಿಯುವುದಿಲ್ಲ. ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಹೆಸರು ಬದಲಾಗದೆ ಗಾಡಿ ಎಲ್ಲಾದರೂ ಅಪಘಾತ ಮಾಡಿದರೆ ನೋಟಿಸ್ ಬರುವುದು ಆರ್‌ಸಿಯಲ್ಲಿ ಹೆಸರಿದ್ದವರಿಗೆ. ಕೊಳ್ಳುವವರು ಬ್ಯಾಂಕಿನ ಸಾಲ ತೀರಿದೆಯೋ ಎಂದು ಪರಿವಾಹನ್ ಜಾಲತಾಣದಲ್ಲಿ ಅಥವಾ ಎಂಪರಿವಾಹನ್ ಆ್ಯಪಿನಲ್ಲಿ ನೋಡಿಕೊಳ್ಳಬೇಕು. ಇನ್ಶೂರೆನ್ಸ್‌ನ ನೋ ಕ್ಲೇಮ್ ಬೋನಸ್ ಗಾಡಿಯ ಜತೆ ಬರುವುದಿಲ್ಲ, ಅದು ಮಾರಿದವರದ್ದು. ಹೊಸ ಗಾಡಿ ತೆಗೆದುಕೊಳ್ಳುವಾಗ ಅವರು ಅದನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದು.

ಕೇಳಬೇಕಾದ ನಾಲ್ಕು ಪ್ರಶ್ನೆ

ಷೋರೂಂ ಇರಲಿ, ಬ್ರೋಕರ್ ಇರಲಿ, ಮೈಲೇಜ್ ಎಷ್ಟು ಎಂದು ಕೇಳುವ ಮೊದಲು ಇವಿಷ್ಟು ಕೇಳಿ: ತಯಾರಾದದ್ದು ಯಾವ ತಿಂಗಳು? ಆರ್‌ಸಿಯಲ್ಲಿ ನಾನು ಎಷ್ಟನೇ ಮಾಲೀಕ? ಹಿಂದಿನದಕ್ಕಿಂತ ಇದರಲ್ಲಿ ಬದಲಾದದ್ದು ಇಂಜಿನ್ನೋ, ತಳಪಾಯವೋ, ಬರೀ ಮುಖವೋ? ಏರ್‌ಬ್ಯಾಗ್ ಎಷ್ಟು?

ನಾಲ್ಕಕ್ಕೂ ಕಾಗದದಲ್ಲಿ ಉತ್ತರ ಸಿಕ್ಕಿದ ಗಾಡಿ ಎರಡು ವರ್ಷ ಹಳೆಯದಾದರೂ ಧೈರ್ಯದಿಂದ ಬೆಲೆ ಮಾತಾಡಬಹುದು. ಉತ್ತರ ಸಿಗದ ಗಾಡಿಯ ಸೀಟಿಗೆ ಪ್ಲಾಸ್ಟಿಕ್ ಹೊದಿಕೆ ಇನ್ನೂ ಇದ್ದರೂ, ಮುಂಗಡ ಕೊಡುವುದನ್ನು ಒಂದು ದಿನ ಮುಂದೆ ಹಾಕುವುದು ಒಳ್ಳೆಯದು.